ಗಾಳಿ ಮೊದಲು ಕಂಡವರು

ಹೊಳೆ ಸಮುದ್ರ ಸೇರುವ ಅಳಿವೆಯ ದಂಡೆಯಲ್ಲಿ ಒಂದು ಚಪ್ಪರ ಇತ್ತು. ಚಪ್ಪರದ ಕೆಳಗೆ ಪುಟ್ಟ ಪುಟ್ಟ ಹಾಯಿದೋಣಿಗಳು. ಒಬ್ಬರು ಕೂತರೆ ಇನ್ನೊಬ್ಬರಿಗೆ ಜಾಗ ಇಲ್ಲ ಅನ್ನುವಷ್ಟು ಪುಟ್ಟವು. ಮೀನಿಗೂ ಅಲ್ಲ, ಹೊಳೆ ದಾಟಲಿಕ್ಕೂ ಅಲ್ಲ, ಸ್ಪರ್ಧೆಗೆ ಮಾತ್ರ ಇಳಿಯುವ ದೋಣಿಗಳು ಅವು.

ಅಲ್ಲಿ ತಾಂಡೇಲ ಮಾಸ್ತರು ಹಾಯಿ ಹಿಡಿಯುವುದನ್ನು ಕಲಿಸುತ್ತಿದ್ದರು. ಒಂದು ಕಾಲದಲ್ಲಿ ಅವರನ್ನು ಹಿಂದೆ ಹಾಕುವವರೇ ಇರಲಿಲ್ಲವಂತೆ. ಜನ ಹೇಳುತ್ತಿದ್ದದ್ದು. ಅವರ ಬಾಯಿಂದ ಗೆದ್ದ ಸುದ್ದಿ ಒಂದು ದಿನವೂ ಹೊರಬಿದ್ದದ್ದಿಲ್ಲ.

ಶೇವಂತಿ ಅವರ ಹತ್ತಿರ ಬಂದಾಗ ಇನ್ನೂ ಎರಡು ಜಡೆ ಹಾಕಿಕೊಂಡು ಶಾಲೆಗೆ ಹೋಗುವ ಹುಡುಗಿ.

"ಎಂತಕ್ಕೆ ಬಂದೆ?" ಮಾಸ್ತರು ಕೇಳಿದರು.

"ಹಾಯಿದೋಣಿ ಕಲೀಲಿಕ್ಕೆ."

"ಕಲಿತು ಎಂತ ಮಾಡ್ತೆ?"

"ಗೆಲ್ತೆ."

ಮಾಸ್ತರು ನಗಲೂ ಇಲ್ಲ, ಗದರಲೂ ಇಲ್ಲ. ಅಳಿವೆಯ ಬಾಯಲ್ಲಿ ನೀರಿನಿಂದ ಎದ್ದು ನಿಂತ ಕರಿ ಬಂಡೆಯನ್ನು ಬೆರಳಿಟ್ಟು ತೋರಿಸಿದರು.

"ಅಲ್ಲಿ ಹೋಗಿ ಕೂತ್ಕೋ."

"ದೋಣಿ?"

"ದೋಣಿ ಬೇರೆಯವರು ಓಡಿಸ್ತಾರೆ. ನೀನು ನೀರು ನೋಡು. ದೂರದಲ್ಲಿ ನೀರು ಕಪ್ಪಾಗಿ, ಸುಕ್ಕು ಸುಕ್ಕಾಗಿ ಹತ್ತಿರ ಬರೋದು ಕಂಡ್ರೆ, ಅದರ ಮೇಲೆ ಜೋರು ಗಾಳಿ ಬರ್ತಾ ಉಂಟು ಅಂತ ತಿಳ್ಕೋ. ಕಂಡ ಕೂಡ್ಲೇ 'ಬಂತೋ' ಅಂತ ಕೂಗು."

ಅದು ಆ ಅಳಿವೆಯ ಕಟ್ಟಳೆ. ಬಿರುಗಾಳಿ ಯಾರ ಕಣ್ಣಿಗೆ ಮೊದಲು ಬಿತ್ತೋ ಅವರು ಕೂಗಬೇಕು. ಕೇಳಿದವರು ಹಾಯಿಯ ಹಗ್ಗ ಸಡಿಲ ಬಿಟ್ಟು ದೋಣಿ ಮಗುಚದಂತೆ ನೋಡಿಕೊಳ್ಳಬೇಕು. ಮೀನಿಗೆ ಹೋಗುವ ಅಜ್ಜಂದಿರ ಕಾಲದಿಂದ ನಡೆದು ಬಂದದ್ದು. ದಂಡೆಯ ಮೇಲೆ ಮಾತು ಬಿಟ್ಟವರು ಕೂಡ ನೀರಿನ ಮೇಲೆ ಒಬ್ಬರಿಗೊಬ್ಬರು ಕೂಗುತ್ತಿದ್ದರು.

ಶೇವಂತಿ ಬಂಡೆಯ ಮೇಲೆ ಕೂತಳು. ಬಿಸಿಲಲ್ಲಿ ಕೂತು ಕೂತು ಮೂಗಿನ ತುದಿ ಸುಲಿಯಿತು. ಕೂಗಿ ಕೂಗಿ ಗಂಟಲು ಒಡೆಯಿತು. ಬೇರೆಯವರು ತಣ್ಣಗೆ ದೋಣಿ ಓಡಿಸುತ್ತಿದ್ದರೆ ಇವಳದು ಕಾಗೆ ಓಡಿಸುವ ಕೆಲಸ. ಸಿಟ್ಟು ಬರದೆ ಇರುತ್ತದೆಯೇ?

ಒಂದು ಸಂಜೆ ಕೇಳಿಯೇಬಿಟ್ಟಳು.

"ಮಾಸ್ತರೇ, ಗಾಳಿ ಕಂಡವರು ಕೂಗಿಬಿಟ್ರೆ ಎಲ್ಲರಿಗೂ ಗೊತ್ತಾಗ್ತದಲ್ಲ. ಆಮೇಲೆ ಗೆಲ್ಲೋದು ಹೇಗೆ?"

"ಕೂಗದಿದ್ರೆ ಗೆಲ್ತೆಯಾ?"

"ಹೌದಲ್ಲ! ಅವರೆಲ್ಲ ಮಗುಚಿ ಬೀಳ್ತಾರೆ. ನಾನೊಬ್ಬಳೇ ಮುಂದೆ ಹೋಗ್ತೆ."

"ಹೋದ್ಮೇಲೆ ಯಾರ ಜೊತೆ ಸ್ಪರ್ಧೆ ಮಾಡ್ತೆ?"

ಶೇವಂತಿ ಮುಖ ಊದಿಸಿಕೊಂಡು ಮನೆಗೆ ಹೋದಳು. ಆದರೂ ಮರುದಿನ ಬಂಡೆಗೆ ಬಂದಳು.

ಅಂದು ಬಂಡೆಯ ಮೇಲೆ ಇನ್ನೊಬ್ಬಳು ಇದ್ದಳು. ಅವಳದೇ ಓರಗೆಯವಳು, ಮೋಹಿನಿ. ಉಪ್ಪು ಖಾರ ಹಚ್ಚಿದ ಮಾವಿನಕಾಯಿ ಹೋಳನ್ನು ಪೊಟ್ಟಣದಲ್ಲಿ ಕಟ್ಟಿ ತಂದಿದ್ದಳು.

"ತಗೋ. ಗಂಟಲಿಗೆ ಒಳ್ಳೇದು."

"ಮಾವಿನಕಾಯಿ ಗಂಟಲಿಗೆ ಒಳ್ಳೇದಾ?"

"ಅಲ್ಲ. ಆದ್ರೂ ತಗೋ ಮಾರಾಯ್ತಿ."

ಹಾಗೆ ಇಬ್ಬರೂ ಜೊತೆಯಾದರು.

ಮಳೆಗಾಲ ಕಳೆದ ಮೇಲೆ ಮಾಸ್ತರು ದೋಣಿ ಕೊಟ್ಟರು. ಚುಕ್ಕಾಣಿ ಹಿಡಿಯುವುದು ಕಲಿಸಿದರು. ಮೈಯನ್ನು ದೋಣಿಯ ಹೊರಗೆ ಚೆಲ್ಲಿ ತೂಕ ಹಾಕುವುದು ಕಲಿಸಿದರು. ಹಾಯಿಯ ಹಗ್ಗ ಕೈಗೆ ಕೊಡುವಾಗ ಒಂದು ಮಾತು ಹೇಳಿದರು.

"ಇದನ್ನ ಬೆರಳಲ್ಲಿ ಹಿಡಿ. ಮುಷ್ಟಿಗೆ ಸುತ್ಕೋಬೇಡ."

"ಸುತ್ತಿಕೊಂಡ್ರೆ ಗಟ್ಟಿ ಇರ್ತದಲ್ಲ ಮಾಸ್ತರೇ?"

"ಹಿಡ್ಕೊಳ್ಳೋದು ಎಲ್ಲರಿಗೂ ಬರ್ತದೆ. ಬಿಡೋದು ಬರೋದಿಲ್ಲ."

ಅವರಿಗೆ ಇನ್ನೊಂದು ರೂಢಿ ಇತ್ತು. ಶಿಷ್ಯರು ಸ್ಪರ್ಧೆ ಮುಗಿಸಿ ಬಂದರೆ ಗೆದ್ದೆಯಾ, ಸೋತೆಯಾ ಎಂದು ಕೇಳುವವರಲ್ಲ. "ಗಾಳಿ ಹೇಗಿತ್ತು?" ಅಷ್ಟೇ. ಆಗ ಮೊದಲಿಂದ ಕೊನೆವರೆಗೆ ಗಾಳಿಯ ಕತೆ ಹೇಳಬೇಕು. ಎಲ್ಲಿ ಎದ್ದಿತು, ಎಲ್ಲಿ ಮಲಗಿತು, ಎಲ್ಲಿ ತಿರುಗಿತು, ಎಲ್ಲವನ್ನೂ. ಶೇವಂತಿ ಕಣ್ಣು ಅರಳಿಸಿ ಹೇಳುವಳು. ಅವಳು ಬಿಟ್ಟದ್ದನ್ನು ಮೋಹಿನಿ ಸೇರಿಸುವಳು.

ವರ್ಷಗಳು ಹೋದವು. ಒಂದು ಊರಿನ ಕೆರೆಯಲ್ಲಿ ಶೇವಂತಿ ಗೆದ್ದರೆ ಇನ್ನೊಂದು ಊರಿನ ಕಡಲಲ್ಲಿ ಮೋಹಿನಿ ಗೆದ್ದಳು. ದೇಶದಲ್ಲಿ ಹಾಯಿ ಹಿಡಿದ ಹೆಣ್ಣುಮಕ್ಕಳೆಂದರೆ ಈ ಇಬ್ಬರೇ ಎನ್ನುವಂತಾಯಿತು. ಪತ್ರಿಕೆಯವರು ಫೋಟೋ ತೆಗೆಯುವಾಗ ಇಬ್ಬರೂ ಒಬ್ಬರ ಹೆಗಲ ಮೇಲೆ ಒಬ್ಬರು ಕೈ ಹಾಕಿ ನಿಲ್ಲುತ್ತಿದ್ದರು. ಆ ಕೈಯಲ್ಲಿ ಆಗ ಒಂದಿಷ್ಟೂ ಸುಳ್ಳಿರಲಿಲ್ಲ.

ಅಷ್ಟರಲ್ಲಿ ಹೊರದೇಶದ ದೊಡ್ಡ ಸ್ಪರ್ಧೆ ಬಂತು. ಒಂದು ದೇಶದಿಂದ ಒಬ್ಬಳೇ ಹೋಗಬೇಕು. ಒಂದೇ ಜಾಗ.

ಆಯ್ಕೆಯ ಸ್ಪರ್ಧೆ ಈ ಅಳಿವೆಯ ಹೊರಗಿನ ಕಡಲಲ್ಲೇ ಇಟ್ಟರು. ದಿನವೂ ಓಟ ನಡೆಯಿತು. ಕೊನೆಯ ಓಟ ಬರುವ ಹೊತ್ತಿಗೆ ಉಳಿದವರು ದೂರ ಹಿಂದೆ ಬಿದ್ದಿದ್ದರು. ಶೇವಂತಿ ಮತ್ತು ಮೋಹಿನಿ ಸರಿಸಮ. ಇಬ್ಬರಲ್ಲಿ ಯಾರು ಮುಂದೆ ಬರುತ್ತಾರೋ ಜಾಗ ಅವರದು.

ಹಿಂದಿನ ಸಂಜೆ ಶೇವಂತಿ ಚಪ್ಪರಕ್ಕೆ ಬಂದಳು. ಮಾಸ್ತರು ಹರಿದ ಹಾಯಿಗೆ ಹೊಲಿಗೆ ಹಾಕುತ್ತ ಕೂತಿದ್ದರು.

"ಮಾಸ್ತರೇ, ನಾಳೆ ನಾನು ಮೊದಲು ಬರಬೇಕಂತಿಲ್ಲ. ಮೋಹಿನಿಗಿಂತ ಮುಂದಿದ್ರೆ ಸಾಕು."

"ಹೌದು."

"ಅವಳ ಗಾಳಿಗೆ ಅಡ್ಡ ಹೋಗಿ ನಿಂತ್ರೆ, ನನ್ನ ಹಾಯಿಯ ಮರೆಯಲ್ಲಿ ಅವಳ ಹಾಯಿ ಸತ್ತು ಬೀಳ್ತದೆ. ಅವಳು ಎತ್ತ ತಿರುಗಿದ್ರೂ ನಾನೂ ಅತ್ತ ತಿರುಗಿ ಅಡ್ಡ ನಿಲ್ತೆ. ಕೊನೆವರೆಗೂ."

"ಹೌದು. ಹಾಗೆ ಮಾಡೋದುಂಟು."

"ತಪ್ಪಾ?"

"ನಿಯಮದಲ್ಲಿ ತಪ್ಪಿಲ್ಲ."

"ಹಾಗಾದ್ರೆ ಮಾಡಲಾ?"

ಮಾಸ್ತರು ಸೂಜಿಯನ್ನು ಹಾಯಿಗೆ ಸಿಕ್ಕಿಸಿ ಎದ್ದರು. ಮರಳಿಗೆ ಇಳಿದರು.

"ನನ್ನ ಮುಂದೆ ನಡೆ. ಹಿಂದೆ ತಿರುಗಿ ನನ್ನನ್ನೇ ನೋಡ್ತಾ ಇರು. ನಾನು ಎತ್ತ ಹೋಗ್ತೆನೋ ಅತ್ತ ನೀನೂ ಹೋಗು. ಏನಾದ್ರೂ ನನ್ನನ್ನ ಮುಂದೆ ಬಿಡಬೇಡ."

ಶೇವಂತಿ ನಡೆದಳು. ಕತ್ತು ಹಿಂದಕ್ಕೆ, ಕಾಲು ಮುಂದಕ್ಕೆ. ಮಾಸ್ತರು ಎಡಕ್ಕೆ ವಾಲಿದರೆ ಅವಳೂ ಎಡಕ್ಕೆ. ಬಲಕ್ಕೆ ವಾಲಿದರೆ ಅವಳೂ ಬಲಕ್ಕೆ. ಮುದುಕರು ಬೇಗ ಬೇಗ ಹೆಜ್ಜೆ ಹಾಕಿದರು. ಅವಳೂ ಬೇಗ ಬೇಗ ನಡೆದಳು. ಹಾಗೆ ನಡೆಯುತ್ತ ನಡೆಯುತ್ತ ದಡಕ್ಕನೆ ಮೊಣಕಾಲುದ್ದ ಕೆಸರಲ್ಲಿ ಹೂತಳು.

ಮಾಸ್ತರು ಕೆಸರಿನ ಅಂಚಿನಲ್ಲೇ ನಿಂತರು.

"ಎಲ್ಲಿದ್ದೆ?"

"ಕೆಸರಲ್ಲಿ. ನೀವೇ ಕರ್ಕೊಂಡು ಬಂದ್ರಿ!"

"ನಾನು ಹಿಂದೆ ಇದ್ದೆನಲ್ಲ."

ಶೇವಂತಿ ಬಿದ್ದು ಬಿದ್ದು ನಕ್ಕಳು. ಮುದುಕರು ತಮಾಷೆ ಮಾಡಿದರು ಎಂದುಕೊಂಡಳು. ಕಾಲು ತೊಳೆದುಕೊಂಡು ಮನೆಗೆ ಹೋದಳು.

ಮರುದಿನ ಹೇಳಿದಂತೆಯೇ ಮಾಡಿದಳು.

ಗಾಳಿಗೆ ಎದುರಾಗಿ ಹೋಗುವ ದೋಣಿ ನೆಟ್ಟಗೆ ಹೋಗಲಾರದು. ಎಡಕ್ಕೆ ಒಂದಷ್ಟು, ಬಲಕ್ಕೆ ಒಂದಷ್ಟು, ಅಂಕುಡೊಂಕಾಗಿ ಏರಬೇಕು. ಓಟ ಶುರುವಾದ ಕೂಡಲೇ ಶೇವಂತಿ ಮೋಹಿನಿಯ ಮುಂದೆ ಬಂದು, ಅವಳಿಗೆ ಬರುವ ಗಾಳಿಗೆ ತನ್ನ ಹಾಯಿ ಅಡ್ಡ ಹಿಡಿದಳು. ಮೋಹಿನಿಯ ಹಾಯಿ ಪಟಪಟ ಬಡಿದು ಜೋತುಬಿತ್ತು.

ಮೋಹಿನಿ ಬಲಕ್ಕೆ ತಿರುಗಿದಳು. ಶೇವಂತಿಯೂ ತಿರುಗಿದಳು. ಮೋಹಿನಿ ಎಡಕ್ಕೆ ತಿರುಗಿದಳು. ಶೇವಂತಿಯೂ ತಿರುಗಿದಳು. ಉಳಿದ ದೋಣಿಗಳು ಒಂದೊಂದಾಗಿ ಇಬ್ಬರನ್ನೂ ದಾಟಿ ಮುಂದೆ ಹೋದವು. ಹೋಗಲಿ ಬಿಡು. ಅವರಿಂದ ಏನಾಗಬೇಕು? ಶೇವಂತಿಯ ಕಣ್ಣು ಒಂದೇ ಒಂದು ಹಾಯಿಯ ಮೇಲೆ. ಹಗ್ಗ ಯಾವಾಗ ಮುಷ್ಟಿಗೆ ಸುತ್ತಿಕೊಂಡಿತೋ ಅವಳಿಗೇ ಗೊತ್ತಾಗಲಿಲ್ಲ.

ಆಗ ಹಿಂದಿನಿಂದ ಕೂಗು ಬಂತು.

"ಬಂತೋ! ಶೇವಂತೀ, ಬಂತೋ!"

ಕೂಗಿದವಳು ಮೋಹಿನಿ.

ಮೈಗೆ ರೂಢಿಯಾದ ಕೂಗು. ತಲೆ ಯೋಚಿಸುವ ಮೊದಲೇ ಕೈ ಬಿಡಿಸಿಕೊಂಡಿತು. ಸುತ್ತಿದ ಹಗ್ಗ ಅಂಗೈಯ ಚರ್ಮ ಕಿತ್ತುಕೊಂಡು ಜಾರಿತು. ಅದೇ ಗಳಿಗೆಯಲ್ಲಿ ಬಿರುಗಾಳಿ ಬಂದು ಅಪ್ಪಳಿಸಿತು. ದೋಣಿ ಇನ್ನೇನು ಮಗುಚಬೇಕು, ಅಷ್ಟರಲ್ಲಿ ಎದ್ದು ನಿಂತಿತು.

ಮೋಹಿನಿಯ ದೋಣಿಯೂ ನಿಂತಿತು.

ಶೇವಂತಿ ಮತ್ತೆ ಅಡ್ಡ ಹಿಡಿದಳು. ಕೊನೆಯವರೆಗೂ ಬಿಡಲಿಲ್ಲ. ಕೊಟ್ಟಕೊನೆಗೆ ಮುಟ್ಟಿದವಳು ಮೋಹಿನಿ. ಅವಳಿಗಿಂತ ಒಂದೇ ದೋಣಿ ಮುಂದೆ ಶೇವಂತಿ. ಜಾಗ ಅವಳದಾಯಿತು. ದಂಡೆಯಲ್ಲಿ ಚಪ್ಪಾಳೆ ಬಿತ್ತು, ಹಾರ ಬಿತ್ತು, ಫೋಟೋ ಆಯಿತು. ಮೋಹಿನಿ ತನ್ನ ದೋಣಿಯನ್ನು ತಾನೇ ಎಳೆದು ಚಪ್ಪರಕ್ಕೆ ತಂದು ಕವುಚಿ ಹಾಕಿದಳು.

ಮಾಸ್ತರು ಚಪ್ಪರದಲ್ಲೇ ಕೂತಿದ್ದರು. ಶೇವಂತಿ ಹಾರ ಕೈಯಲ್ಲಿ ಹಿಡಿದು ಬಂದಳು. ಅವರು ಎಂದಿನಂತೆ ಕೇಳಿದರು.

"ಗಾಳಿ ಹೇಗಿತ್ತು?"

ಶೇವಂತಿ ಬಾಯಿ ತೆರೆದಳು.

"ಪಡುಗಾಳಿ..." ಅಂದಳು. ಅಷ್ಟಕ್ಕೇ ನಿಂತಿತು. ಎಲ್ಲಿ ತಿರುಗಿತು? ಎಲ್ಲಿ ಮಲಗಿತು? ನೀರು ಯಾವ ಬಣ್ಣದ್ದಿತ್ತು? ನೆನಪಿಗೆ ಬಂದದ್ದು ಮೋಹಿನಿಯ ಹಾಯಿ, ಮೋಹಿನಿಯ ಮುಖ. ಬೇರೆ ಏನೂ ಇಲ್ಲ.

ಮಾಸ್ತರು ಮೋಹಿನಿಯ ಕಡೆ ತಿರುಗಿದರು.

"ಶುರುವಿಗೆ ಪಡುವಣದಿಂದ ತೆಳುವಾಗಿತ್ತು," ಮೋಹಿನಿ ನೆಲ ನೋಡುತ್ತಲೇ ಹೇಳಿದಳು. "ನೀರಲ್ಲಿ ತೇಲಿಬಿಟ್ಟ ಮೊದಲ ಗುರುತು ದಾಟೋ ಹೊತ್ತಿಗೆ ತೆಂಕಣಕ್ಕೆ ಸ್ವಲ್ಪ ತಿರುಗಿತು. ಆದ್ರೆ ನನಗೆ ಬಂದದ್ದೆಲ್ಲ ಅವಳ ಹಾಯಿ ಮುರಿದು ಬಿಟ್ಟ ಗಾಳಿ. ಚೂರು ಚೂರು. ಬಿರುಗಾಳಿ ವಾಯವ್ಯದಿಂದ ಬಂತು. ಕಪ್ಪಗಿತ್ತು."

ಅಷ್ಟು ಹೇಳಿ ಮೋಹಿನಿ ಮನೆಗೆ ಹೋದಳು. ಶೇವಂತಿ ಹಾರ ಹಿಡಿದುಕೊಂಡು ನಿಂತೇ ಇದ್ದಳು.

"ಇವತ್ತು ನಿನ್ನ ದೋಣಿಯ ಚುಕ್ಕಾಣಿ ಹಿಡಿದವರು ಯಾರು?" ಮಾಸ್ತರು ಕೇಳಿದರು.

"ನಾನೇ, ಮಾಸ್ತರೇ."

"ಹೌದಾ?" ಅಂದರು.

ಶೇವಂತಿಗೆ ಕೆಸರು ನೆನಪಾಯಿತು. ಈ ಸಲ ನಗು ಬರಲಿಲ್ಲ.

ಮರುದಿನದಿಂದ ಅಭ್ಯಾಸ ಶುರು. ಅಲ್ಲಿಂದಲೇ ತೊಂದರೆಯೂ ಶುರುವಾಯಿತು. ದೋಣಿ ನೀರಿಗಿಳಿದ ಕೂಡಲೇ ಶೇವಂತಿಯ ಕತ್ತು ತಾನಾಗಿ ಹಿಂದಕ್ಕೆ ತಿರುಗುತ್ತಿತ್ತು. ಹಿಂದೆ ಯಾರೂ ಇಲ್ಲ. ಖಾಲಿ ನೀರು. ಆದರೂ ತಿರುಗುತ್ತಿತ್ತು. ಮುಂದೆ ಗಾಳಿ ಬದಲಾದದ್ದು ಕಾಣುತ್ತಿರಲಿಲ್ಲ. ಸಣ್ಣ ಗಾಳಿಗೂ ಮಗುಚಿ ಬೀಳತೊಡಗಿದಳು. ಮೊನ್ನೆ ಮೊನ್ನೆ ಹಾಯಿ ಹಿಡಿದ ಮಕ್ಕಳು ಅವಳನ್ನು ದಾಟಿ ಹೋದರು.

ಹೊರದೇಶಕ್ಕೆ ಹೊರಡುವ ದಿನ ಹತ್ತಿರವಾಗುತ್ತಿತ್ತು. ಅವಳ ಎದೆಯೊಳಗೆ ಹೆದರಿಕೆ ಹೊಕ್ಕಿತು. ದೇಶದ ಹೆಸರು ಹೊತ್ತು ಹೋಗಿ ಮಗುಚಿ ಬಿದ್ದು ಬರುವುದೇ? ಇದಕ್ಕಾಗಿಯೇ ಮೋಹಿನಿಯ ಗಾಳಿ ನುಂಗಿದ್ದೇ?

ಅವಳು ಮಾಸ್ತರ ಕಾಲ ಬಳಿ ಕೂತು ಅತ್ತುಬಿಟ್ಟಳು.

"ಮಾಸ್ತರೇ, ನನ್ನ ಕತ್ತು ನನ್ನ ಮಾತು ಕೇಳೋದಿಲ್ಲ."

"ಯಾರ ಮಾತು ಕೇಳ್ತದೆ?"

"ಗೊತ್ತಿಲ್ಲ. ನನಗೆ ಈ ಜಾಗ ಬೇಡ. ಮೋಹಿನಿಗೇ ಬಿಟ್ಟುಕೊಡ್ತೆ. ಅವಳು ಕೂಗದೆ ಇದ್ದಿದ್ರೆ ಆ ದಿನವೇ ಅವಳದಾಗ್ತಿತ್ತು."

"ಬಿಟ್ಟುಕೊಟ್ರೆ ಕತ್ತು ಸರಿ ಹೋಗ್ತದಾ?"

"ಹೋಗಬಹುದು."

"ಅಂದ್ರೆ ಅವಳಿಗಾಗಿ ಅಲ್ಲ. ನಿನ್ನ ಕತ್ತಿಗಾಗಿ."

ಶೇವಂತಿ ಕಣ್ಣು ಒರೆಸಿಕೊಂಡಳು. ಮಾತು ನಾಟಿತ್ತು. ನೋವೂ ಆಗಿತ್ತು.

"ಮತ್ತೆ ಎಂತ ಮಾಡಲಿ, ಮಾಸ್ತರೇ?"

"ಹಿಂದೆ ಯಾರನ್ನ ಹುಡುಕ್ತಾ ಇದ್ದೆಯೋ ಅವಳನ್ನ ಕರ್ಕೊಂಡು ಬಂದು ಮುಂದೆ ಕೂರಿಸು."

ಮೋಹಿನಿ ಬಂಡೆಯ ಮೇಲಿದ್ದಳು. ಆಯ್ಕೆ ಮುಗಿದ ಮೇಲೆ ದೋಣಿ ಮುಟ್ಟಿರಲಿಲ್ಲ. ಕೂಗುವ ಕೆಲಸ ಮಾತ್ರ ಬಿಟ್ಟಿರಲಿಲ್ಲ. ಇಬ್ಬರ ನಡುವೆ ಆ ದಿನದಿಂದ ಮಾತಿಲ್ಲ.

ಶೇವಂತಿ ನೀರಲ್ಲಿ ನಡೆದು ಬಂಡೆಯ ಕೆಳಗೆ ಹೋಗಿ ನಿಂತಳು.

"ಮೋಹಿನೀ, ನೀನೇ ಹೋಗು. ಜಾಗ ನಿಂದೇ."

ಮೋಹಿನಿ ಬಂಡೆಯಿಂದ ಇಳಿಯಲಿಲ್ಲ.

"ನೀನು ಬಿಟ್ಟ ಜಾಗ ನನಗೆಂತಕ್ಕೆ? ದಾನ ತಗೊಳ್ಳೋ ಮುಖ ಉಂಟಾ ನನಗೆ?"

"ಹಾಗಲ್ಲ ಮಾರಾಯ್ತಿ..."

"ಹೋಗು, ಗಾಳಿಗೆ ಅಡ್ಡ ನಿಂತಿದ್ದೆ. ನನಗೆ ನೀರು ಕಾಣೋದಿಲ್ಲ."

ಶೇವಂತಿ ಸರಿದು ನಿಂತಳು. ಮೆಲ್ಲಗೆ ಹೇಳಿದಳು.

"ಮಾಸ್ತರು ನಿನ್ನನ್ನ ನನ್ನ ದೋಣಿಯಲ್ಲಿ ಮುಂದೆ ಕೂರಿಸ್ಕೊಳ್ಳಲಿಕ್ಕೆ ಹೇಳಿದಾರೆ."

ಮಾಸ್ತರು ಹೇಳಿದರೆ ಮೋಹಿನಿ ಇಲ್ಲ ಅನ್ನುವವಳಲ್ಲ. ಮುಖ ಗಂಟು ಹಾಕಿಕೊಂಡೇ ಇಳಿದು ಬಂದಳು.

ಒಬ್ಬರ ದೋಣಿಯಲ್ಲಿ ಇಬ್ಬರು ಕೂತರು. ಮೋಹಿನಿ ಮೂತಿಯ ಹತ್ತಿರ, ಶೇವಂತಿಗೆ ಬೆನ್ನು ಮಾಡಿ. ಶೇವಂತಿ ಹಿಂದೆ, ಚುಕ್ಕಾಣಿ ಹಿಡಿದು. ಮಾಸ್ತರು ತಮ್ಮ ಹೆಗಲ ಟವೆಲ್ ತೆಗೆದು ಶೇವಂತಿಯ ಕಣ್ಣಿಗೆ ಕಟ್ಟಿದರು.

"ಅವಳು ನೋಡ್ತಾಳೆ. ನೀನು ಹಗ್ಗ ಹಿಡಿ," ಅಂದರು.

ದೋಣಿ ಹೊರಟಿತು. ಕಣ್ಣು ಕತ್ತಲೆ. ಶೇವಂತಿಯ ಕತ್ತು ಒಂದು ಸಲ ಹಿಂದಕ್ಕೆ ಹೊರಳಿತು. ಅಲ್ಲಿ ಏನು ನೋಡುವುದು? ಬಟ್ಟೆಯ ಕತ್ತಲೆ ಹಿಂದೆಯೂ ಅದೇ, ಮುಂದೆಯೂ ಅದೇ. ಕೆನ್ನೆಗೆ ಗಾಳಿ ತಾಗಿತು. ಎಷ್ಟು ಕಾಲವಾಯಿತು ಗಾಳಿ ಕೆನ್ನೆಗೆ ತಾಗಿ!

"ಬಂತೋ," ಅಂದಳು ಮೋಹಿನಿ. ಸಿಟ್ಟಿನ ದನಿ. ಆದರೆ ಹೊತ್ತಿಗೆ ಸರಿಯಾಗಿ ಬಂತು.

ಶೇವಂತಿ ಹಗ್ಗ ಬಿಟ್ಟಳು. ದೋಣಿ ಸಮನಾಯಿತು.

ದಿನವೂ ಹಾಗೆ ಹೋದರು. ಮಾತಿಲ್ಲ, ಕತೆಯಿಲ್ಲ. ಬಂತೋ ಎನ್ನುವ ಕೂಗು ಒಂದೇ. ಕೆಲವು ದಿನ ಕಳೆದ ಮೇಲೆ ಶೇವಂತಿಗೆ ತಡೆಯಲಾಗಲಿಲ್ಲ. ಕಣ್ಣಿಗೆ ಬಟ್ಟೆ ಇದ್ದದ್ದೂ ಒಂದು ಧೈರ್ಯ.

"ಮೋಹಿನೀ, ಆ ದಿನ ಎಂತಕ್ಕೆ ಕೂಗಿದೆ? ಸುಮ್ಮನಿದ್ದಿದ್ರೆ ನಾನು ಮಗುಚಿ ಬೀಳ್ತಿದ್ದೆ. ಜಾಗ ನಿಂದಾಗ್ತಿತ್ತು."

ಮೋಹಿನಿ ತಿರುಗಿ ನೋಡಲಿಲ್ಲ.

"ನನಗೆ ಅದೆಲ್ಲ ಹೊಳೀಲೇ ಇಲ್ಲ. ಗಾಳಿ ಕಂಡಿತು, ಬಾಯಿ ಕೂಗಿತು. ಆಮೇಲೆ ಮನೆಗೆ ಹೋಗಿ ಅತ್ತೆ. ಛೆ, ಬಾಯಿ ಮುಚ್ಕೊಂಡಿರಬೇಕಿತ್ತು ಅಂತ ನನ್ನ ಬಾಯಿಗೆ ನಾನೇ ಬೈದೆ."

"ನನ್ನ ಮೇಲೆ ಸಿಟ್ಟಿಲ್ವಾ?"

"ಇಲ್ಲ ಅಂತ ಯಾರು ಹೇಳಿದ್ರು? ಹೊಟ್ಟೆ ತುಂಬ ಉಂಟು. ನನ್ನ ಗಾಳಿ ನುಂಗಿದೆಯಲ್ಲ ನೀನು! ಅದು ಬೇರೆ. ಕೂಗೋದು ಬೇರೆ."

ಶೇವಂತಿ ಬಟ್ಟೆಯೊಳಗೇ ಅತ್ತಳು. ಮೋಹಿನಿಗೆ ಗೊತ್ತಾಯಿತೋ ಇಲ್ಲವೋ. ಸ್ವಲ್ಪ ದೂರ ಹೋದ ಮೇಲೆ ಅವಳು ಸೊಂಟದಿಂದ ಒಂದು ಪೊಟ್ಟಣ ತೆಗೆದು, ಹಿಂದೆ ನೋಡದೆ ಕೈ ಹಿಂದಕ್ಕೆ ಚಾಚಿದಳು.

"ತಗೋ. ಗಂಟಲಿಗೆ ಒಳ್ಳೇದಲ್ಲ."

ಮಾಸ್ತರು ಒಂದು ದಿನ ಶೇವಂತಿಯ ಕಣ್ಣಿಗೆ ಕಟ್ಟಿದ ಟವೆಲ್ ಬಿಚ್ಚಿದರು. ಇನ್ನೊಂದು ದಿನ ಮೋಹಿನಿಗೆ ಬೇರೆ ದೋಣಿ ಕೊಟ್ಟರು. ಇಬ್ಬರೂ ಅಕ್ಕಪಕ್ಕ ಹಾಯಿ ಹಿಡಿದರು. ಒಮ್ಮೆ ಮೋಹಿನಿ ಮುಂದೆ, ಒಮ್ಮೆ ಶೇವಂತಿ ಮುಂದೆ. ಕತ್ತು ಮೊದಲಿನಷ್ಟು ಹೊರಳುತ್ತಿರಲಿಲ್ಲ. ಪೂರ್ತಿ ಬಿಟ್ಟಿತ್ತು ಎಂದರೆ ಸುಳ್ಳಾದೀತು. ಮುಂದಿರುವಾಗ, ಅದೂ ಗೆಲ್ಲುವ ಹೊತ್ತಿನಲ್ಲಿ, ಇನ್ನೂ ಎಳೆಯುತ್ತಿತ್ತು.

ಹೊರಡುವ ದಿನ ಶೇವಂತಿ ಮಾಸ್ತರ ಕಾಲಿಗೆ ಬಿದ್ದಳು.

"ಹೆದರಿಕೆ ಆಗ್ತದೆ, ಮಾಸ್ತರೇ. ಅಲ್ಲಿ ಮತ್ತೆ ಕತ್ತು ತಿರುಗಿದ್ರೆ?"

"ತಿರುಗಬಹುದು."

"ತಿರುಗಬಾರದು ಅಂತ ಆಶೀರ್ವಾದ ಮಾಡಿ."

"ನಾನು ಹರಸಿದ್ರೆ ಕೇಳೋ ಕತ್ತಾಗಿದ್ರೆ, ಆವತ್ತು ಕೆಸರಲ್ಲೇ ಕೇಳ್ತಿತ್ತು," ಅಂದರು ಮಾಸ್ತರು. ಆದರೂ ಅವಳ ತಲೆಯ ಮೇಲೆ ಕೈಯಿಟ್ಟರು. ಇಟ್ಟ ಕೈ ಬೇಗ ತೆಗೆಯಲಿಲ್ಲ.

ಅವಳು ಹೋದಳು. ಬಂದಳು.

ಬಂದ ದಿನ ದಂಡೆಯಲ್ಲಿ ಹಾರ ಹಿಡಿದವರು ಯಾರೂ ಇರಲಿಲ್ಲ. ಮೋಹಿನಿ ಬಂಡೆಯಿಂದ ಇಳಿದು ಬಂದಳು. ಮಾಸ್ತರು ಚಪ್ಪರದಲ್ಲಿದ್ದರು. ಬಹಳ ದಿನದಿಂದ ಬೆಳೆಯುತ್ತಿದ್ದ ಪೊರೆ ಈಗ ಕಣ್ಣು ತುಂಬಿ, ದಂಡೆಯ ಮೇಲೆ ನಡೆಯಲು ಕೋಲು ಬೇಕಾಗಿತ್ತು.

"ಗಾಳಿ ಹೇಗಿತ್ತು?"

ಶೇವಂತಿ ಹೇಳಲು ಕೂತಳು. ಮೊದಲ ಓಟದಿಂದ ಹಿಡಿದು ಒಂದೊಂದೇ. ಅಲ್ಲಿ ಬೆಳಿಗ್ಗೆ ಗಾಳಿ ಗುಡ್ಡದ ಕಡೆಯಿಂದ ಇಳಿಯುತ್ತದೆ. ಮಧ್ಯಾಹ್ನ ಸತ್ತಂತೆ ಮಲಗುತ್ತದೆ. ಆಮೇಲೆ ಕಡಲ ಕಡೆಯಿಂದ ತಣ್ಣಗೆ ಏಳುತ್ತದೆ. ಕೈ ಎತ್ತಿ, ಇಳಿಸಿ, ತಿರುಗಿಸಿ ಹೇಳಿದಳು. ಮಾಸ್ತರು ಕಣ್ಣು ಮುಚ್ಚಿ ಕೇಳಿದರು. ಕೊನೆಯ ಓಟಕ್ಕೆ ಬಂದಾಗ ಅವಳ ದನಿ ತಗ್ಗಿತು.

"ಆ ಓಟದಲ್ಲಿ ನಾನು ಮೂರನೆಯವಳಿದ್ದೆ, ಮಾಸ್ತರೇ. ಅಲ್ಲೇ ಉಳಿದಿದ್ರೆ ಪದಕ. ಹಿಂದೆ ಇಬ್ಬರು ಒತ್ತಿ ಬರ್ತಾ ಇದ್ರು. ಮುಂದಿನ ಇಬ್ಬರು ದೂರ ಹೋಗಿದ್ರು."

"ಹೂಂ."

"ಹಿಂದಿನವರನ್ನ ತಡೆದ್ರೆ ಸಾಕಿತ್ತು. ಅಡ್ಡ ಹಿಡೀಲಾ ಅಂತ ಕತ್ತು ಎಳೀತು. ಎಳೀತಾ ಇರೋವಾಗ ಮುಂದೆ ನೀರು ಕಪ್ಪಾಗಿ ಬರೋದು ಕಂಡಿತು. ಎಲ್ಲರಿಗಿಂತ ಮೊದಲು ನನಗೇ ಕಂಡಿತು."

ಮೋಹಿನಿ ಅವಳ ತೋಳು ಹಿಡಿದಳು.

"ಕೂಗಿದೆಯಾ?"

"ಕೂಗಿಬಿಟ್ಟೆ. ಬಂತೋ ಅಂತ, ಗಂಟಲು ಹರಿಯೋ ಹಾಗೆ. ಅವರಿಗೆ ನಮ್ಮ ಭಾಷೆ ಎಲ್ಲಿ ಗೊತ್ತು? ಆದ್ರೆ ನನ್ನ ದನಿ ಕೇಳಿ, ನಾನು ನೋಡಿದ ಕಡೆ ಅವರೂ ನೋಡಿದ್ರು. ಹಗ್ಗ ಬಿಟ್ರು. ಮಗುಚಲಿಲ್ಲ."

"ಆಮೇಲೆ?"

"ಗಾಳಿ ಇಳಿದ ಕೂಡ್ಲೇ ಇಬ್ಬರೂ ನನ್ನನ್ನ ದಾಟಿಬಿಟ್ರು."

"ಕೂಗದೆ ಇದ್ದಿದ್ರೆ?" ಮೋಹಿನಿಯೇ ಕೇಳಿದಳು.

"ಅವರು ಬೀಳ್ತಿದ್ರು. ಪದಕ ನಂದಾಗ್ತಿತ್ತು."

"ಅಯ್ಯೋ ದೇವರೇ!" ಎಂದು ಮೋಹಿನಿ ತಲೆಯ ಮೇಲೆ ಕೈ ಹೊತ್ತಳು. ಅವಳಿಗೆ ನಗು ಬಂತೋ ಅಳು ಬಂತೋ ಅವಳಿಗೇ ತಿಳಿಯಲಿಲ್ಲ.

"ದಡಕ್ಕೆ ಬಂದ್ಮೇಲೆ ಅವರಿಬ್ಬರೂ ಹುಡುಕ್ಕೊಂಡು ಬಂದ್ರು. ನೀನು ಕೂಗಿದ್ದು ಎಂತ ಅಂತ ಕೇಳಿದ್ರು. ಹೇಳಿಕೊಟ್ಟೆ. ಅವರ ಬಾಯಲ್ಲಿ ಬಂಟೋ ಆಯ್ತು."

ಶೇವಂತಿ ನಗಲು ನೋಡಿದಳು. ಆಗಲಿಲ್ಲ. ಅಂಗೈ ಮಡಚಿಕೊಂಡಳು. ಅಲ್ಲಿ ಹಗ್ಗ ಕಿತ್ತ ಗುರುತು ಇನ್ನೂ ಇತ್ತು.

"ಸುಳ್ಳು ಹೇಳೋದಿಲ್ಲ ಮಾಸ್ತರೇ, ಹೊಟ್ಟೆ ಉರೀತದೆ. ಮುಂದಿನ ಸಲಕ್ಕೆ ನನ್ನ ವಯಸ್ಸು ಮೀರಿರ್ತದೆ. ಇಷ್ಟು ವರ್ಷ ಮಾಡಿದ್ದು ಇದಕ್ಕೇ ಅಲ್ವಾ? ಮೋಹಿನಿಯ ಗಾಳಿ ತಿಂದು ತಗೊಂಡ ಜಾಗ. ಅದರಿಂದ ಏನೂ ತರದೆ ಬರಿಗೈಯಲ್ಲಿ ಬಂದೆ. ನೀವು ಎಷ್ಟನೆಯವಳಾಗಿ ಬಂದೆ ಅಂತಲೂ ಕೇಳೋದಿಲ್ಲ!"

ಮಾಸ್ತರು ಕೋಲು ಬದಿಗಿಟ್ಟರು. ಕೈಯಿಂದ ತಡವಿ ಅವಳ ಮುಖ ಹುಡುಕಿ, ಗಲ್ಲ ಹಿಡಿದು ತಮ್ಮ ಕಡೆಗೆ ಎತ್ತಿದರು.

"ಅದಿರಲಿ," ಅಂದರು. "ಕೂಗಿದಾಗ ನಿನ್ನ ಮುಖ ಯಾವ ಕಡೆಗಿತ್ತು?"